ಭವಾನಿಯಲ್ಲಿ ಮುಚ್ಚಿಟ್ಟ ಊರು

ಕೊಣನೂರಿನ ಅಕ್ಕನಿಗೆ ಬಹಳ ದಿನಗಳಿಂದ ಒಂದು ಆಸೆಯಿತ್ತು. ತನ್ನ ಗದ್ದೆಯ ಪಕ್ಕ ಹರಿಯುವ ಹೊಳೆ ಗಡಿ ದಾಟಿದ ಮೇಲೆ ಹೇಗಿರುತ್ತದೆಂದು ನೋಡಬೇಕು. ಕಳೆದ ಮಳೆಗಾಲದಲ್ಲಿ ಅಕ್ಕ, ಭಾವ, ಹಾಸನದಿಂದ ನಾನು, ಮೂವರೂ ತಮಿಳುನಾಡಿನ ಭವಾನಿಗೆ ಹೋದೆವು.

ಕೊಣನೂರಿನಲ್ಲಿ ಕಾವೇರಿ ಆಗಷ್ಟೇ ಕೊಡಗಿನ ಬೆಟ್ಟ ಇಳಿದು ಬಂದವಳು. ತೂಗುಸೇತುವೆಯ ಮೇಲೆ ನಿಂತರೆ ಕಾಲಡಿಯ ಬಂಡೆಗಳಿಗೆ ನೀರು ಬಡಿಯುವ ಸದ್ದು ಕೇಳುತ್ತದೆ. ಭವಾನಿಯಲ್ಲಿ ಅದೇ ಹೊಳೆ ಇನ್ನೊಂದು ನದಿಯನ್ನು ಕೂಡಿಕೊಂಡು, ಆಚೆ ದಡ ದೂರವಾಗುವಷ್ಟು ಅಗಲವಾಗಿ, ಸದ್ದಿಲ್ಲದೆ ಹೋಗುತ್ತಿತ್ತು. ಅಂದು ಅಲ್ಲಿಯವರ ಆಡಿ ಹಬ್ಬ, ತುಂಬಿದ ಹೊಳೆಗೆ ಪೂಜೆ. ಮೆಟ್ಟಿಲ ತುಂಬ ಹೆಂಗಸರು. ಹೊಳೆಗೆ ಅರಿಶಿನ, ಹೂವು, ಬಳೆ ಬಿಡುತ್ತಿದ್ದರು.

ಒಬ್ಬ ಅಜ್ಜಿ ಪಕ್ಕಕ್ಕೆ ಸರಿದು ಅಕ್ಕನಿಗೆ ಜಾಗ ಮಾಡಿಕೊಟ್ಟು, "ಎಂದ ಊರು?" ಎಂದು ತಮಿಳಿನಲ್ಲಿ ಊರು ಕೇಳಿದರು.

ಅಕ್ಕ ಬಾಯಿ ತೆರೆಯುವ ಮೊದಲೇ ಭಾವ "ಆಂಧ್ರ, ಆಂಧ್ರ" ಎಂದುಬಿಟ್ಟರು. ಆಮೇಲೆ ನಮ್ಮತ್ತ ತಿರುಗಿ, "ಕೊಣನೂರು ಅಂತ ಬಾಯ್ಬುಟ್ಟೀರಾ! ನೀರಿನ ಜಗಳ ಇವ್ರ ತಲೇಲಿ ಕುಂತೈತೆ. ಈ ಜನಾನ ನಂಬಂಗಿಲ್ಲ ಕಣಮ್ಮ" ಎಂದರು. ನಾನೂ ತಲೆಯಾಡಿಸಿದೆ.

ಅರಿಶಿನ ಕಲಸುತ್ತಿದ್ದ ಅಜ್ಜಿಯ ಕೈ ನಿಂತಿತು.

"ನಮ್ಮ ಮನೇಲೂ ಕನ್ನಡಾನೇ ಆಡೋದಪ್ಪ" ಎಂದರು. ಮಾತಿನ ರಾಗ ಬೇರೆ, ಕನ್ನಡವಂತೂ ನಮ್ಮದೇ. "ಮಗ್ಗದೋರು ನಾವು. ಅಜ್ಜ ಮುತ್ತಜ್ಜರ ಕಾಲದಿಂದ ಇಲ್ಲೇ ಇದೀವಿ. ಕೊಣನೂರು ಅಂದ್ರೆ ಹೊಳೆ ದಂಡೇಲೇ ಇದ್ಯಾ?"

ನನ್ನ ಮುಖಕ್ಕೆ ಬೆಂಕಿ ತಾಕಿದಂತಾಯಿತು. ಭಾವ ನೀರಿನ ಕಡೆ ಮುಖ ಮಾಡಿ ನಿಂತರು. ಅಜ್ಜಿ ನಾಲ್ಕು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕೊನೆಗೆ ಅಕ್ಕನೇ ತಲೆ ತಗ್ಗಿಸಿ, "ಊಂ ಕಣಜ್ಜಿ, ನಮ್ ಗದ್ದೆ ಅಂಚಲ್ಲೇ ಕಾವೇರಮ್ಮ ಅರೀತಾಳೆ. ತಪ್ಪಾಯ್ತು" ಎಂದಳು.

"ಹಂಗಾದ್ರೆ ಕಾವೇರಮ್ಮನ ತವರಿನ ಕಡೆಯೋರು ನೀವು!" ಎನ್ನುತ್ತ ಅಜ್ಜಿ ಅವಳ ಕೈಗೆ ಹಳದಿ ದಾರ ಕಟ್ಟಿದರು. ಡಬ್ಬಿ ತೆರೆದು ಮೂವರಿಗೂ ಬಾಳೆ ಎಲೆಯ ಚೂರಿನಲ್ಲಿ ಚಿತ್ರಾನ್ನ ಕೊಟ್ಟರು. ಭಾವ ಎಲೆ ಹಿಡಿದುಕೊಂಡೇ ಕೂತಿದ್ದರು. ನಾವು ಯಾರನ್ನು ನಂಬಬಾರದೆಂದೆವೋ ಅವರ ಅನ್ನ ನಮ್ಮ ಕೈಯಲ್ಲಿತ್ತು.

ಹೊರಡುವ ಹೊತ್ತಿಗೆ ಭಾವ ಮತ್ತೆ ಮೆಟ್ಟಿಲಿಳಿದು ಅಜ್ಜಿಯ ಎದುರು ನಿಂತರು. ಕ್ಷಮೆ ಕೇಳುತ್ತಾರೆಂದುಕೊಂಡೆ. ಬಾಯಿಂದ ಬಂದದ್ದು ಇಷ್ಟೇ: "ಅಜ್ಜಿ, ಒಂದ್ಸಲ ನಮ್ಮೂರ್ಗೆ ಬನ್ನಿ."

ಅಜ್ಜಿ ನಕ್ಕರು. "ನನ್ ಕಾಲು ಎಲ್ಲಿ ಬರ್ತದಪ್ಪ ಅಷ್ಟು ದೂರ? ನೀವು ನೀರು ಕಳಿಸ್ತಿರಿ, ಸಾಕು."