ಸದ್ದು ಬಿಟ್ಟ ಮೌಸ್

ಕಳೆದ ವಾರ ಹಳೆಯ ಕಂಪ್ಯೂಟರ್ ಸಾಮಾನಿನ ಪೆಟ್ಟಿಗೆಯನ್ನು ಗುಜರಿಗೆ ಹಾಕೋಣವೆಂದು ಬಿಚ್ಚಿದೆ. ವೈರುಗಳ ಸಿಕ್ಕಿನ ನಡುವೆ ಹಳದಿಗಟ್ಟಿದ ಒಂದು ಮೌಸ್ ಇತ್ತು, ಹೊಟ್ಟೆಯಲ್ಲಿ ರಬ್ಬರ್ ಗುಂಡು ಇರುತ್ತಿದ್ದ ಕಾಲದ್ದು. ಗುಂಡನ್ನು ತೆಗೆದು ಮೂಗಿನ ಹತ್ತಿರ ಹಿಡಿದೆ. ಹುರಿದ ಕಾಫಿಯ ವಾಸನೆ... ಇಷ್ಟು ವರ್ಷವಾದ ಮೇಲೆ ಎಲ್ಲಿಯ ವಾಸನೆ, ನಿನ್ನ ಭ್ರಮೆ ಎಂದು ಮಗಳು ನಕ್ಕಳು. ಇರಬಹುದು. ಆದರೆ ಆ ಮೌಸನ್ನು ಒತ್ತಿದರೆ ಟಿಕ್ ಎನ್ನುವುದಿಲ್ಲ, ಅದು ಭ್ರಮೆಯಲ್ಲ. ಅದರ ಬಾಯಿ ಮುಚ್ಚಿಸಿದವಳು ನಾನೇ.

ಆಲ್ದೂರಿನಲ್ಲಿ ಬಸ್ಸು ನಿಲ್ಲುವ ಜಾಗದಿಂದ ತುಸು ಹಿಂದಕ್ಕೆ ದೊಡ್ಡಪ್ಪನ ಕಾಫಿಪುಡಿ ಅಂಗಡಿ ಇತ್ತು. ಅಪ್ಪ ಅವರನ್ನು ಅಣ್ಣ ಎನ್ನುತ್ತಿದ್ದುದರಿಂದ ನನಗೆ ಅವರು ದೊಡ್ಡಪ್ಪ, ನೆಂಟಸ್ತಿಕೆ ಇದ್ದದ್ದು ಅಷ್ಟೇ. ಎರಡು ಸಾವಿರದ ಇಸವಿ ಕಳೆದ ಹೊಸತು. ಕಂಪ್ಯೂಟರ್ ಕಲಿತಿದ್ದ ನಾನು ಮದುವೆ, ಗೃಹಪ್ರವೇಶದ ಕರೆಯೋಲೆಗಳನ್ನು ಜೋಡಿಸಿಕೊಡುವ ಕೆಲಸ ಶುರು ಮಾಡಲು ಜಾಗ ಹುಡುಕುತ್ತಿದ್ದೆ. ದೊಡ್ಡಪ್ಪ ತಮ್ಮ ಅಂಗಡಿಯ ಮುಂಭಾಗಕ್ಕೆ ಅಡ್ಡ ಹಲಗೆ ಹೊಡೆಸಿ, "ಇಲ್ಲೇ ಕೂತ್ಕೋ ಮಗಾ. ನಿನ್ ಗಿರಾಕಿಗಳಿಗೆ ಕಾಫಿ ಘಮ ಬಿಟ್ಟಿ" ಎಂದರು. ಹಲಗೆಯ ಆಚೆ ಅವರ ಹುರಿಯುವ ಡ್ರಮ್ಮು, ಈಚೆ ನನ್ನ ಮೇಜು. ಜಾಗ ಎಷ್ಟು ಇಕ್ಕಟ್ಟೆಂದರೆ ಮೇಜನ್ನು ಆ ಹಲಗೆಗೇ ಮೊಳೆ ಹೊಡೆದು ನಿಲ್ಲಿಸಿದ್ದೆವು. ಹುರಿದ ಬೀಜದಿಂದ ಹಾರುವ ಹೊಟ್ಟು ಮೌಸಿನ ಹೊಟ್ಟೆಗೆ ಹೊಕ್ಕು, ಗುಂಡು ಉರುಳದೆ ಹಟ ಹಿಡಿಯುತ್ತಿತ್ತು. ದಿನಾ ಬೆಳಗ್ಗೆ ಅದನ್ನು ಬಿಚ್ಚಿ ಊದುವುದೇ ನನ್ನ ಮೊದಲ ಕೆಲಸ.

ನಮ್ಮ ಕಡೆ ಕಾಫಿ ಬೆಳೆಯುವವರು ಪುಡಿ ಕೊಂಡು ಕುಡಿಯುವುದು ಕಡಿಮೆ. ಮನೆ ಖರ್ಚಿಗೆಂದು ತೆಗೆದಿಟ್ಟ ಬೀಜವನ್ನು ಚೀಲದಲ್ಲಿ ತಂದು ಹುರಿಸಿ, ಪುಡಿ ಮಾಡಿಸಿಕೊಂಡು ಹೋಗುತ್ತಾರೆ. ಒಂದೊಂದು ಮನೆಗೆ ಒಂದೊಂದು ಹದ. ಜಾವಳಿ ಕಡೆಯ ಒಂದು ಮನೆಯವರಿಗೆ ಎಳೆ ಹುರಿ ಬೇಕು, ವಸ್ತಾರೆಯ ಒಬ್ಬ ಗೌಡರಿಗೆ ಎಣ್ಣೆ ಬಿಡುವಷ್ಟು ಕಪ್ಪು. ಅವನ್ನೆಲ್ಲ ದೊಡ್ಡಪ್ಪ ಯಾರನ್ನೂ ಎರಡನೇ ಸಲ ಕೇಳಿದವರಲ್ಲ. ಡ್ರಮ್ಮು ಮುಚ್ಚಿರುತ್ತದೆ, ಒಳಗಿನ ಬಣ್ಣ ಕಾಣುವುದಿಲ್ಲ. ಬೀಜ ಮೊದಲೊಮ್ಮೆ ಜೋರಾಗಿ ಚಟಪಟ ಸಿಡಿದು ಸುಮ್ಮನಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಈ ಸಲ ಮೆಲ್ಲಗೆ, ಟಿಕ್ ಟಿಕ್ ಎನ್ನುತ್ತದೆ. ಗೌಡರ ಮನೆಯ ಹದ ಅಲ್ಲಿಂದ ಮುಂದಕ್ಕೆ. ಹೊಗೆಯ ವಾಸನೆ ಹಿಡಿದು, ಕಿವಿಗೊಟ್ಟು, ಸರಿಯಾದ ಗಳಿಗೆಗೆ ಅವರು ಡ್ರಮ್ಮು ಬಗ್ಗಿಸಿಬಿಡುತ್ತಿದ್ದರು.

ಒಂದು ಮಳೆಗಾಲ ಅವರಿಗೆ ಕೆಟ್ಟ ಜ್ವರ ಬಂತು. ಎದ್ದು ಬಂದು ಮತ್ತೆ ಒಲೆ ಹಚ್ಚಿದ ಮೇಲೆ ಅಂಗಡಿಯಲ್ಲಿ ಏನೋ ಸರಿಯಿರಲಿಲ್ಲ. ವಸ್ತಾರೆ ಗೌಡರು ಚೀಲ ಹಿಡಿದು ವಾಪಸು ಬಂದರು.

"ಏನ್ ಸಾಹುಕಾರ್ರೇ, ಇದು ಕಾಫಿನೋ ಕಷಾಯನೋ? ನಮ್ಮನೇಲಿ ಒಬ್ರೂ ಲೋಟ ಖಾಲಿ ಮಾಡ್ಲಿಲ್ಲ. ನಮ್ಮಪ್ಪನ ಕಾಲದಿಂದ ಬರ್ತಿದೀವಿ ಅಂತ ಹೇಳಕ್ಕೆ ಬಂದೆ, ಬೇರೆ ಕಡೆ ಹೋಗೋದು ಕಷ್ಟ ಏನಲ್ಲ."

ದೊಡ್ಡಪ್ಪ ತಲೆ ತಗ್ಗಿಸಿ ಚೀಲ ಇಸಿದುಕೊಂಡರು. ಗಿರಾಕಿಗಳನ್ನು ಗೇಲಿ ಮಾಡಿಯೇ ಕಳಿಸುತ್ತಿದ್ದ ಮನುಷ್ಯ.

ಅದಾದ ಕೆಲವೇ ದಿನಕ್ಕೆ ಕಂಪ್ಯೂಟರ್ ಮುಂದೆ ಕೂತವಳಿಗೆ ಗೋಣಿ ಸುಟ್ಟ ವಾಸನೆ ಬಡಿಯಿತು. ಒಳಗೆ ಓಡಿದೆ. ದೊಡ್ಡಪ್ಪನ ಬೆನ್ನ ಹಿಂದೆಯೇ ಖಾಲಿ ಚೀಲವೊಂದಕ್ಕೆ ಕಿಡಿ ಹಾರಿ ಹೊಗೆಯಾಡುತ್ತಿತ್ತು. ಅವರು ನಿಶ್ಚಿಂತೆಯಿಂದ ಡ್ರಮ್ಮಿನ ಹಿಡಿ ತಿರುಗಿಸುತ್ತಿದ್ದರು. ಕೊಡದ ನೀರು ಸುರಿದು ಆರಿಸಿದೆ. ಅವರು ಒದ್ದೆ ಚೀಲವನ್ನೂ ನನ್ನ ಮುಖವನ್ನೂ ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟರು.

"ಜ್ವರದಲ್ಲಿ ಮೂಗು ಹೋಯ್ತು ಮಗಾ. ಒಂದ್ ವಾಸ್ನೇನೂ ಗೊತ್ತಾಗಲ್ಲ. ಯಾರಿಗೂ ಹೇಳ್ಬೇಡ. ಮೂಗಿಲ್ದೋನ ಹತ್ರ ಯಾರ್ ಕಾಫಿ ಹುರಿಸ್ತಾರೆ? ಈಗ ಕಿವಿ ಒಂದೇ."

ಒದ್ದೆ ಚೀಲವನ್ನು ಕಾಲಿನಿಂದ ಸರಿಸುತ್ತಾ ಸಂಕೋಚದಿಂದ ಸೇರಿಸಿದರು: "ಆ ನಿನ್ ಇಲಿ ಒಂದು... ಅದೂ ಟಿಕ್ ಟಿಕ್ ಅನ್ನುತ್ತಲ್ಲ. ಬೀಜ ಸಿಡೀತು ಅಂದ್ಕೊಂಡು ಗೌಡ್ರುದನ್ನ ಹದಕ್ಕೆ ಮೊದ್ಲೇ ಇಳಿಸಿಬಿಟ್ಟೆ."

ಆಗ ನನಗೆ ಎಲ್ಲ ಅರ್ಥವಾಯಿತು. ಹಲಗೆಗೆ ಮೊಳೆ ಹೊಡೆದ ಮೇಜು, ಅದರ ಮೇಲೆ ನನ್ನ ಮೌಸು. ಒತ್ತಿದ ಸದ್ದು ಹಲಗೆಯಲ್ಲಿ ಹಾಯ್ದು ಆಚೆ ಅವರ ಕಿವಿಗೆ ಬೀಳುತ್ತಿತ್ತು. ವಾಸನೆ ಇದ್ದಾಗ ಆ ಸದ್ದು ಅವರಿಗೆ ಲೆಕ್ಕಕ್ಕಿರಲಿಲ್ಲ. ಹುರಿಯುವಾಗ ನಾನು ಕೆಲಸ ನಿಲ್ಲಿಸುತ್ತೇನೆ ಎಂದರೆ ಗದರಿದರು. ಮದುವೆ ಕಾಲದಲ್ಲಿ ಕೈಕಟ್ಟಿ ಕೂತರೆ ನಿನಗೆ ಯಾರು ಕೆಲಸ ಕೊಡ್ತಾರೆ ಮಾರಾಯ್ತಿ, ಎಂದು. ಹಾಗಾದರೆ ಉಳಿದದ್ದು ಒಂದೇ ದಾರಿ, ಮೌಸಿನ ಸದ್ದಡಗಿಸುವುದು.

ಮೊದಲು ಗಾಯಕ್ಕೆ ಹಚ್ಚುವ ಪಟ್ಟಿಯನ್ನು ಅದರ ಬೆನ್ನಿಗೆ ಅಂಟಿಸಿದೆ. ಪೆಟ್ಟಾದ ಇಲಿಯ ಹಾಗೆ ಕಂಡಿತೇ ಹೊರತು ಸದ್ದು ನಿಲ್ಲಲಿಲ್ಲ. ಹಲಸಿನ ಮೇಣ ಹಾಕಿದರೆ ಯಾವ ಬಾಯಾದರೂ ಮುಚ್ಚುತ್ತದೆ ಎಂಬುದು ದೊಡ್ಡಪ್ಪನ ಸಲಹೆ. ಹಾಕಿದೆವು. ಸದ್ದೇನೋ ನಿಂತಿತು, ಆದರೆ ಒತ್ತಿದ ಗುಂಡಿ ಮೇಲೇಳಲಿಲ್ಲ. ಮದುವೆ ಹುಡುಗಿಯ ತಂದೆಯ ಹೆಸರು ತೆರೆಯ ಮೇಲಿನ ಬಾಣದ ಗುರುತಿಗೆ ಅಂಟಿಕೊಂಡು ಕರೆಯೋಲೆಯ ತುಂಬ ಓಡಾಡಿತು. ದೊಡ್ಡಪ್ಪ ಹಲಗೆ ಹಿಡಿದುಕೊಂಡು ನಕ್ಕರು. ಜ್ವರದ ನಂತರ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಸೀಮೆಎಣ್ಣೆಯಲ್ಲಿ ಮೇಣ ತೆಗೆದು, ಮೌಸನ್ನು ಪೂರ್ತಿ ಬಿಚ್ಚಿದೆ. ಗುಂಡಿಯ ಕೆಳಗೆ ಬೆಲ್ಲದ ಚೂರಿನಷ್ಟು ಕಪ್ಪು ಡಬ್ಬಿ, ಅದರೊಳಗೆ ಬಾಗಿದ ತಾಮ್ರದ ಎಸಳು. ಒತ್ತಿದಾಗ ಚಿಮ್ಮಿ ಬಡಿಯುವುದು ಅದೇ. ಸೂಜಿಮೊನೆಯಿಂದ ಅದರ ಬಾಗು ತುಸು ಇಳಿಸಿದೆ. ಗುಂಡಿಗೂ ಡಬ್ಬಿಗೂ ನಡುವೆ ಸೈಕಲ್ ಟ್ಯೂಬಿನ ತುಣುಕು ಇಟ್ಟೆ, ಖಾಲಿ ಜಾಗಕ್ಕೆ ಹತ್ತಿ ತುರುಕಿದೆ. ಮುಚ್ಚಿ ಒಂದೊಂದೇ ಸ್ಕ್ರೂವನ್ನು ಮೆಲ್ಲಗೆ ಬಿಗಿದೆ. ನನ್ನ ಹತ್ತಿರ ಇದ್ದದ್ದು ಅದೊಂದೇ ಮೌಸ್.

ದೊಡ್ಡಪ್ಪ ಹಲಗೆಯ ಆಚೆ ಹೋಗಿ ಡ್ರಮ್ಮಿನ ಪಕ್ಕ ಕೂತರು.

"ಹ್ಞಾಂ, ಒತ್ತು."

"ಒತ್ತಿದೆ."

"ಯಾವಾಗ?"

"ಈಗ, ಆಗ್ಲೇ, ಎರಡು ಸಲ!"

ಆಚೆಯಿಂದ ಒಲೆಗೆ ಸೌದೆ ಒಟ್ಟುವ ಸದ್ದು ಕೇಳಿತು. ಗೌಡರ ಮನೆಗೆಂದು ತಮ್ಮದೇ ಬೀಜ ಸುರಿದು ಹುರಿದು, ಪುಡಿ ಮಾಡಿ ಬಸ್ಸಿನವನ ಕೈಲಿ ಕಳಿಸಿದರು. ಮುಂದಿನ ವಾರ ಗೌಡರು ಬಂದರು. ದೊಡ್ಡ ಚೀಲವನ್ನು ಬಾಗಿಲಲ್ಲಿ ಇಳಿಸಿ, "ಮಾಮೂಲಿ ಹದ" ಎಂದು ಹೋದರು. ದೊಡ್ಡಪ್ಪ ಆ ದಿನ ನನಗೆ ಎರಡು ಸಲ ಕಾಫಿ ತರಿಸಿದರು.

ಮೂಗಿನ ವಿಷಯ ನಾನು ಯಾರಿಗೂ ಹೇಳಲಿಲ್ಲ. ಅದೇ ಊರು ಅವರು ಹುರಿದದ್ದನ್ನೇ ಕುಡಿದು ಹೊಗಳಿತು. ಒಂದೇ ಒಂದು ತೊಂದರೆಯಾಯಿತು. ಮೌಸು ಸುಮ್ಮನಾದ ಮೇಲೆ ನಾನು ಕೂತಿದ್ದೇನೋ ಎದ್ದು ಹೋಗಿದ್ದೇನೋ ಅವರಿಗೆ ತಿಳಿಯುತ್ತಿರಲಿಲ್ಲ. ಡ್ರಮ್ಮು ಬಗ್ಗಿಸಿ ಬೀಜ ಆರಲು ಹರಡಿದ ಕೂಡಲೇ ಆಚೆಯಿಂದ ಕೂಗುತ್ತಿದ್ದರು.

"ಇದೀಯೇನೇ ಮಗಾ?"

"ಇದೀನಿ ದೊಡ್ಡಪ್ಪ."

ಅಷ್ಟೇ ಮಾತು. ಮತ್ತೆ ಹೊಸ ಬೀಜ ಸುರಿಯುತ್ತಿದ್ದರು. ನಾನು ಮದುವೆಯಾಗಿ ಕಳಸದ ಗಂಡನ ಮನೆಗೆ ಬರುವವರೆಗೂ ಹೀಗೇ ನಡೆಯಿತು. ಆ ವರ್ಷಗಳಲ್ಲಿ ನಾನು ಸುಖವಾಗಿದ್ದೆ.

ನಾನು ಇಲ್ಲಿಗೆ ಬಂದ ಕೆಲವು ವರ್ಷಕ್ಕೆ ದೊಡ್ಡಪ್ಪ ಹೋದರು. ಸುದ್ದಿ ತಡವಾಗಿ ಮುಟ್ಟಿತು, ಮಣ್ಣಿಗೆ ಹೋಗಲಾಗಲಿಲ್ಲ. ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಮಾರುತ್ತಾರಂತೆ. ಸದ್ದೇ ಮಾಡದ ಮೌಸುಗಳು ಈಗ ಅಂಗಡಿಯಲ್ಲೇ ಸಿಗುತ್ತವೆ, ಮಗಳ ಹತ್ತಿರ ಒಂದಿದೆ. ಹಳೆಯದನ್ನು ಗುಜರಿಗೆ ಹಾಕಲಿಲ್ಲ. ಅವಳು ಒಳಗೆ ಹೋದ ಮೇಲೆ ಕೈಯಲ್ಲಿ ಹಿಡಿದು ಒತ್ತಿದೆ. ಏನೂ ಕೇಳಲಿಲ್ಲ. ಇನ್ನೊಮ್ಮೆ ಒತ್ತಿದೆ... ಗೋಡೆಯ ಕಡೆ ತಿರುಗಿ, ಯಾರೂ ಕೇಳದಿದ್ದರೂ, "ಇದೀನಿ ದೊಡ್ಡಪ್ಪ" ಎಂದೆ.