ಚಿಕ್ಕಪ್ಪ ಹೇಳದೆ ಉಳಿದ ಕೊನೆಯ ಹಾಡು

ಆಗ ನಮ್ಮ ಕಟ್ಟೆಮಳಲವಾಡಿಯಲ್ಲಿ ಆಷಾಢದ ಜಡಿಮಳೆ ಹಿಡಿಯಿತೆಂದರೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಗಳ ಒಲೆ ಹೊತ್ತಿಕೊಳ್ಳುತ್ತಿತ್ತು. ಬೇಯುವ ಸೊಪ್ಪಿನ ಘಾಟು ನಮ್ಮ ಲಂಗ, ಪುಸ್ತಕಗಳಿಗೂ ಅಂಟಿರುತ್ತಿತ್ತು. ನಾನು ಆರನೇ ಕ್ಲಾಸು. ಶಾಲೆ ಬಿಟ್ಟ ಕೂಡಲೇ ಬ್ಯಾರನ್ನಿಗೆ ಓಡುತ್ತಿದ್ದೆ. ಅಲ್ಲಿ ಮಾದೇವ ಚಿಕ್ಕಪ್ಪ ಕೆಂಡದಲ್ಲಿ ಹಲಸಿನ ಬೀಜ ಸುಡುತ್ತಾ ಕಾಯುತ್ತಿದ್ದ.

ಮೈಸೂರಿನಲ್ಲಿ ಡಿಗ್ರಿ ಫೇಲಾಗಿ ಬಂದ ತಮ್ಮನೊಡನೆ ಅಪ್ಪ ಮಾತು ಬಿಟ್ಟು ವರ್ಷವಾಗಿತ್ತು. "ನಿಮ್ ಚಿಕ್ಕಪ್ಪಂಗೇಳು, ಸೌದೆ ಆಕ್ಲಿ" ಎಂದು ನನ್ನ ಮೂಲಕವೇ ಹೇಳಿಸುತ್ತಿದ್ದರು.

ಚಿಕ್ಕಪ್ಪ ಮೈಸೂರಿನಿಂದ ತಂದಿದ್ದು ಒಂದು ಟೇಪ್ ರೆಕಾರ್ಡರ್, ಒಂದು ಇಂಗ್ಲಿಷ್ ಕ್ಯಾಸೆಟ್. ಮೊದಲಿನಿಂದ ಕೊನೆಯವರೆಗೂ ಒಂದೇ ಕತೆಯನ್ನು ರಾಕ್ ಹಾಡುಗಳಲ್ಲಿ ಹೇಳುವ ಕ್ಯಾಸೆಟ್ ಅದು. ದಿನಕ್ಕೊಂದು ಹಾಡು ಹಾಕಿ, ನಿಲ್ಲಿಸಿ, ಅರ್ಥ ಹೇಳುತ್ತಿದ್ದ.

"ಅಪ್ಪ ಮಗ ಮಾತು ಬಿಟ್ಟವ್ರೆ ಕಣವ್ವ. ಮಗ ಊರು ಬುಟ್ಟು ಒಂಟೋಯ್ತಾನೆ."

"ಆಮೇಲೆ?"

"ಆಮೇಲಿಂದು ನಾಳೀಕೆ."

ಕೊನೆಯ ಹಾಡಿನ ದಿನ ಬಂತು. ಮಗ ಮನೆ ಬಾಗಿಲಿಗೆ ಬಂದು ನಿಂತಿದ್ದಾನೆ, ಅಪ್ಪ ಬಾಗಿಲು ತೆಗೆಯುತ್ತಾನೋ ಇಲ್ಲವೋ ಇದರಲ್ಲಿ ಗೊತ್ತಾಗುತ್ತದೆ ಎಂದ. ಗಿಟಾರ್ ಶುರುವಾಯಿತು. ಕಣ್ಣು ಮುಚ್ಚಿ ಕೇಳುತ್ತಾ ಕೂತ ಚಿಕ್ಕಪ್ಪ ಒಲೆಯ ಕಾವು ಏರದಂತೆ ನೋಡಿಕೊಳ್ಳುವುದನ್ನು ಮರೆತೇಬಿಟ್ಟ. ನಾನೂ ಮರೆತೆ.

ಅಪ್ಪ ಬಂದವರೇ ಬ್ಯಾರನ್ನಿನೊಳಗೆ ಇಣುಕಿ ನೋಡಿದರು.

"ಸೊಪ್ಪೆಲ್ಲ ಕಪ್ಪಾಗೋಗದೆ, ಇಲ್ಲಿ ಆಡು ಕೇಳ್ತಾ ಕೂತಿದ್ದೀಯೇನ್ಲಾ?"

ವರ್ಷದ ಮೇಲೆ ಅಪ್ಪ ತಮ್ಮನಿಗೆ ನೇರವಾಗಿ ಆಡಿದ ಮಾತು ಅದು. ಕ್ಯಾಸೆಟ್ ಕಿತ್ತು ಒಲೆಗೆ ಎಸೆದರು. ಹಾಡು ಅರ್ಧವೂ ಆಗಿರಲಿಲ್ಲ.

ಚಿಕ್ಕಪ್ಪ ಮರುದಿನ ಬೆಳಿಗ್ಗೆ ಕೊಡಗಿನ ಕಾಫಿ ತೋಟಕ್ಕೆ ಕೆಲಸ ಹುಡುಕಿ ಹೊರಟ. ನಾನು ಬಸ್ ಸ್ಟಾಪಿನವರೆಗೂ ಹಿಂದೆ ಓಡಿದೆ. "ಅವ್ರಪ್ಪ ಬಾಗ್ಲು ತಗುದ್ರಾ ಚಿಕ್ಕಪ್ಪ? ಅದೊಂದೇಳು!" ಅವನು ತಲೆ ಸವರಿ ಬಸ್ ಹತ್ತಿದ. ಆಮೇಲೆ ಹಬ್ಬಕ್ಕೆ ಬಂದಾಗಲೆಲ್ಲ ಕೇಳಿದೆ. "ಯಾವ ಕತೇವ್ವ? ಮರ್ತೋಯ್ತು ಬುಡು" ಎನ್ನುತ್ತಿದ್ದ. ಮರೆತಿರಲಿಲ್ಲ, ಅದು ನನಗೆ ಗೊತ್ತಿತ್ತು. ಅಪ್ಪನ ಮೇಲೂ ಅವನ ಮೇಲೂ ಸಿಟ್ಟು ಬಂದು ಊಟ ಬಿಟ್ಟು ಏಳುತ್ತಿದ್ದೆ.

ಚಿಕ್ಕಪ್ಪ ತೀರಿಕೊಂಡು ಎಷ್ಟೋ ದಿನಗಳ ಮೇಲೆ ಹೆಸರು ನೆನಪಿಟ್ಟು ಹುಡುಕಿದಾಗ ಆ ಕ್ಯಾಸೆಟ್ಟಿನ ಹಾಡುಗಳು ಫೋನಿನಲ್ಲಿ ಸಿಕ್ಕವು. ಈಗ ನನಗೆ ಇಂಗ್ಲಿಷ್ ಬರುತ್ತದೆ. ಎಲ್ಲ ಹಾಡುಗಳನ್ನೂ ಒಂದೊಂದಾಗಿ, ಸಾಹಿತ್ಯ ಮುಂದಿಟ್ಟುಕೊಂಡು ಕೇಳಿದೆ. ಅದರಲ್ಲಿ ಅಪ್ಪನಿಲ್ಲ, ಮಾತು ಬಿಟ್ಟ ಮಗನಿಲ್ಲ, ಬಾಗಿಲೂ ಇಲ್ಲ. ಅದು ಬೇರೆಯೇ ಕತೆ. ನನಗೆ ಹೇಳಿದ್ದಷ್ಟನ್ನೂ ಚಿಕ್ಕಪ್ಪ ಆ ಒಲೆಯ ಮುಂದೆ ಕೂತು ತಾನೇ ಕಟ್ಟಿದ್ದ.

ಈಗ ಆ ಕೊನೆಯ ಹಾಡನ್ನು ಎಷ್ಟು ಸಲ ಬೇಕಾದರೂ ಪೂರ್ತಿ ಕೇಳಬಹುದು. ಬಾಗಿಲು ತೆರೆಯಿತೋ ಇಲ್ಲವೋ ಎಂದು ಮಾತ್ರ ಇನ್ನು ಯಾರನ್ನೂ ಕೇಳುವಂತಿಲ್ಲ.