ತಮ್ಮ ಆರಿಸಿಕೊಂಡ ಕ್ಯಾಮೆರಾ

ತಮ್ಮ ಮೆಲ್ಬೋರ್ನ್‌ನಿಂದ ಸಿಡ್ನಿಗೆ ಫೋನ್ ಮಾಡಿ, ಒಂದು ಕ್ಯಾಮೆರಾ ಕೊಳ್ಳಬೇಕೆಂದಿದ್ದೇನೆ, ಯಾವುದು ಒಳ್ಳೆಯದು ನೋಡಿ ಹೇಳು ಅಂದಾಗ ನನಗೆ ರೇಗಿಹೋಯಿತು. ಎರಡು ತಿಂಗಳ ಹಿಂದಷ್ಟೇ ಕಣ್ಣಿನ ಡಾಕ್ಟರು ಅವನ ದೃಷ್ಟಿ ಸುತ್ತಲಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿದೆ, ತಡೆಯಲು ಔಷಧವಿಲ್ಲ, ಎಷ್ಟು ವರ್ಷ ಉಳಿಯುತ್ತದೆಂದು ಹೇಳಲಾಗದು ಎಂದಿದ್ದರು. ಡ್ರೈವಿಂಗ್ ಲೈಸೆನ್ಸ್ ಹೋಗಿತ್ತು. ಟ್ರುಗನಿನಾದ ವೇರ್‌ಹೌಸ್‌ನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದವನನ್ನು ಪ್ಯಾಕಿಂಗ್ ಟೇಬಲ್ಲಿಗೆ ಹಾಕಿದ್ದರು, ಸಂಬಳವೂ ಇಳಿದಿತ್ತು. ಇಂಥ ಹೊತ್ತಿನಲ್ಲಿ ಕ್ಯಾಮೆರಾ! ಅದೂ ಹುಟ್ಟಿದಾಗಿನಿಂದ ಫೋನಿನಲ್ಲಿ ಕೂಡ ತಲೆ ಕತ್ತರಿಸದೆ ಒಬ್ಬರ ಫೋಟೋ ತೆಗೆಯಲು ಬಾರದವನಿಗೆ. ತಲೆ ನೆಟ್ಟಗಿದೆಯೇನೋ ಎಂದು ಕೇಳಿಯೇಬಿಟ್ಟೆ.

"ಕಾಣೋವಷ್ಟ್ ದಿನ ನೋಡ್ಬೇಕಲ್ಲಕ್ಕ," ಅಂದ.

ಅವನ ಮಗಳಿಗೆ ಆಗ ನಾಲ್ಕು ವರ್ಷ. ವೆರಿಬೀಯಲ್ಲಿ ಅವರ ಬಾಡಿಗೆ ಮನೆಯ ಹಿಂದೆ ಒಂದು ಅಂಗಳವಿದೆ. ಬಟ್ಟೆ ಒಣಹಾಕುವ ಕಂಬ, ಒಂದು ನಿಂಬೆಗಿಡ, ಒಣಹುಲ್ಲು. ಅವನು ಕೆಲಸ ಮುಗಿಸಿ ಬರುವ ಹೊತ್ತಿಗೆ ಮಗು ಅಲ್ಲಿ ಓಡಾಡಿಕೊಂಡಿರುತ್ತಿತ್ತು. ಆದರೆ ಚಳಿಗಾಲದ ಸಂಜೆ ಬಾಗಿಲ ಬಳಿಯ ಬೆಳಕು ದಾಟಿದಳೆಂದರೆ ಅವನ ಪಾಲಿಗೆ ಅವಳು ಇಲ್ಲವೇ ಇಲ್ಲ. ನಗು ಕೇಳುತ್ತದೆ, ಮಗು ಕಾಣುವುದಿಲ್ಲ. ಅದನ್ನೂ ಆವತ್ತೇ ಹೇಳಿದ. ಆದರೂ ನನ್ನ ಒಳಗೊಳಗೆ, ಮುಂದೆ ನೋಡಲಾಗದವನಿಗೆ ಫೋಟೋ ಯಾತಕ್ಕೆ ಎಂಬ ಪ್ರಶ್ನೆ ಹಾಗೇ ಕೂತಿತ್ತು.

ಕತ್ತಲೆಯೆಂದರೆ ಅವನಿಗೆ ಚಿಕ್ಕಂದಿನಿಂದಲೂ ಆಗುತ್ತಿರಲಿಲ್ಲ. ತುಮಕೂರಿನಲ್ಲಿ ನಾವಿಬ್ಬರೂ ಮೇಷ್ಟರ ಮನೆಗೆ ಪಾಠಕ್ಕೆ ಹೋಗುತ್ತಿದ್ದೆವು. ಮುಗಿಯುವಾಗ ದೀಪ ಹಚ್ಚುವ ಹೊತ್ತು. ಬೀದಿಗಿಳಿದದ್ದೇ ಅವನು ನನ್ನ ಹಿಂದೆ ಬಂದು ಜಡೆಯ ತುದಿ ಹಿಡಿದುಕೊಳ್ಳುತ್ತಿದ್ದ. ಟೇಪು ಬಿಚ್ಚಿಹೋಗುತ್ತಿತ್ತು, ಗೆಳತಿಯರು ನಗುತ್ತಿದ್ದರು, ಜಡೆ ಬಿಡೋ ಎಂದು ನಾನು ಗದರುತ್ತಲೇ ಮನೆಯವರೆಗೆ ನಡೆಯುತ್ತಿದ್ದೆ. ಅವನು ಬಿಡುತ್ತಿರಲಿಲ್ಲ. ಅಂಜುಬುರುಕ ಎಂದು ಮನೆಯವರೆಲ್ಲ ಹೆಸರಿಟ್ಟಾಗಿತ್ತು. ಅಜ್ಜಿಯೊಬ್ಬಳೇ ಕಣ್ಣಿನ ಕಡೆ ಬೊಟ್ಟು ಮಾಡಿ, ವಾರಕ್ಕೆ ಮೂರು ಸಲ ಹೊನಗೊನ್ನೆ ಸೊಪ್ಪಿನ ಪಲ್ಯ ತಿನ್ನಿಸುತ್ತಿದ್ದಳು. ಅವನ ನೆಪದಲ್ಲಿ ನನಗೂ ಆ ಸೊಪ್ಪಿನ ಶಿಕ್ಷೆ. ನನ್ನ ಕಣ್ಣು ಇವತ್ತಿಗೂ ಚುರುಕಾಗಿದೆ.

ಆ ಅಜ್ಜಿ ತನ್ನ ಮಗಳನ್ನು, ಅಂದರೆ ನಮ್ಮ ಅಮ್ಮನನ್ನು, ತನ್ನ ಸ್ವಂತ ತಮ್ಮನಿಗೇ ಕೊಟ್ಟು ಮದುವೆ ಮಾಡಿದ್ದಳು. ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಹೊರಗೆ ಕೊಟ್ಟರೆ ಹೇಗಿಟ್ಟುಕೊಳ್ಳುತ್ತಾರೋ ಏನೋ, ತಮ್ಮನಿಗೆ ಕೊಟ್ಟರೆ ಮಗಳು ಕಣ್ಮುಂದೆ ಇರುತ್ತಾಳೆ ಎಂದು ಅಜ್ಜಿ ಬಾಯಿತುಂಬ ಹೇಳಿಕೊಳ್ಳುತ್ತಿದ್ದಳು. ಮಗಳ ಮೇಲಿನ ಪ್ರೀತಿಯೂ ಅದೇ, ತಮ್ಮನ ಮೇಲಿನ ಪ್ರೀತಿಯೂ ಅದೇ. ಅದರಲ್ಲಿ ಯಾವ ಮೋಸವೂ ಇರಲಿಲ್ಲ.

ರೋಗ ವಂಶದಿಂದ ಬಂದದ್ದೆಂದು ಮೆಲ್ಬೋರ್ನಿನ ಆಸ್ಪತ್ರೆಯ ತಜ್ಞೆಯೊಬ್ಬರು ಮನೆತನದ ವಿವರ ಬರೆದುಕೊಳ್ಳುವಾಗ ತಮ್ಮ ನನ್ನನ್ನೂ ವಿಡಿಯೋ ಕಾಲ್‌ನಲ್ಲಿ ಸೇರಿಸಿಕೊಂಡಿದ್ದ. ನಿಮ್ಮ ತಂದೆತಾಯಿಗೆ ಮೊದಲೇ ಸಂಬಂಧವಿತ್ತೇ ಎಂದು ಆಕೆ ಕೇಳಿದರು. ಅಪ್ಪ, ಅಮ್ಮನಿಗೆ ಅಂಕಲ್ ಆಗಬೇಕು ಅಂದೆ. ಆಕೆ ನಕ್ಕು, ನೀವು ಇಂಡಿಯನ್ಸ್ ಎಲ್ಲರನ್ನೂ ಅಂಕಲ್ ಅನ್ನುತ್ತೀರಿ, ನನಗೆ ಗೊತ್ತು, ನಾನು ಕೇಳಿದ್ದು ರಕ್ತಸಂಬಂಧ ಅಂದರು. ತಪ್ಪೇನೂ ಅವರದಲ್ಲ. ಪಕ್ಕದ ಮನೆಯವರಿಂದ ಹಿಡಿದು ಟ್ಯಾಕ್ಸಿಯವರವರೆಗೆ ಊರೆಲ್ಲ ನಮಗೆ ಅಂಕಲ್ಲೇ. ಇಲ್ಲ, ಇವರು ನಿಜವಾದ ಅಂಕಲ್, ಅಮ್ಮನ ತಾಯಿಯ ಒಡಹುಟ್ಟಿದವರು ಎಂದು ನಾನು ಬಿಡಿಸಿ ಹೇಳಬೇಕಾಯಿತು. ಆಕೆಯ ನಗು ನಿಂತಿತು. ಕಾಗದದ ಮೇಲೆ ಅಪ್ಪ ಅಮ್ಮನನ್ನು ಜೋಡಿಸಿದ್ದ ಗೆರೆಯ ಕೆಳಗೆ ಇನ್ನೊಂದು ಗೆರೆ ಎಳೆದರು. ಹತ್ತಿರದ ರಕ್ತದಲ್ಲಿ ಮದುವೆಯಾದವರಿಗೆ ಎರಡು ಗೆರೆಯಂತೆ.

ಅಮ್ಮನಿಗೆ ಹೇಳುವ ಕೆಲಸ ನನ್ನದೇ ಆಯಿತು. ಎಷ್ಟು ಮೆತ್ತಗೆ ಹೇಳಿದರೂ ಅವಳಿಗೆ ತಿಳಿಯಬೇಕಾದದ್ದು ತಿಳಿಯಿತು. "ಕಣ್ಮುಂದೆ ಇರ್ಲಿ ಅಂತ ನನ್ನ ಕೊಟ್ರು. ಮಗನ ಕಣ್ಣೇ ಹೋಯ್ತಲ್ಲೇ," ಅಂದಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಬಂತು, ಇನ್ನೊಬ್ಬರಿಗೆ ಬರಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ನಾನು ಕ್ಯಾಮೆರಾದ ಮೇಲೆ ಮಾಡಿದೆನೇನೋ.

ಸಿಟ್ಟು ಇಳಿದ ಮೇಲೆ ಕೆಲಸಕ್ಕೆ ಕೂತೆ. ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಲಂಚ್ ಡಬ್ಬಿ ಪಕ್ಕಕ್ಕಿಟ್ಟುಕೊಂಡು ದಿನಾ ಕ್ಯಾಮೆರಾಗಳ ಬಗ್ಗೆ ಓದಿದೆ. ಮನೆಯ ಮಾರ್ಟ್‌ಗೇಜ್ ಮಾಡಿಸುವಾಗಲೂ ಇಷ್ಟು ಓದಿರಲಿಲ್ಲ. ಈ ಕ್ಯಾಮೆರಾ ಪಂಡಿತರು ನಮ್ಮ ಜಾತಕ ನೋಡುವವರನ್ನೂ ಮೀರಿಸುತ್ತಾರೆ, ಒಬ್ಬ ಹೇಳಿದ್ದನ್ನು ಇನ್ನೊಬ್ಬ ಒಪ್ಪುವುದಿಲ್ಲ. ಕೊನೆಗೆ ನನಗೆ ಅರ್ಥವಾದದ್ದು, ಹೊಸಬರ ಮುಂದೆ ಎರಡು ದಾರಿ ಇದೆ ಎಂಬುದು. ಒಂದು, ಹಳೆಯ ತರದ ದಪ್ಪನೆಯ ಡಿಎಸ್‌ಎಲ್‌ಆರ್. ಒಳಗೊಂದು ಕನ್ನಡಿ ಇರುತ್ತದೆ, ಕಿಂಡಿಗೆ ಕಣ್ಣಿಟ್ಟರೆ ಎದುರಿನದು ಇದ್ದದ್ದು ಇದ್ದ ಹಾಗೇ ಕಾಣುತ್ತದೆ. ಜನ ಹೊಸದಕ್ಕೆ ಹಾರಿದ್ದರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗ, ಗಟ್ಟಿಮುಟ್ಟು, ಬ್ಯಾಟರಿಯೂ ಬಾಳಿಕೆ. ಇನ್ನೊಂದು ಮಿರರ್‌ಲೆಸ್. ಕನ್ನಡಿ ಇಲ್ಲ, ಕಿಂಡಿಯೊಳಗೆ ಉಗುರಗಲದ ಪರದೆ. ಹಗುರ ನಿಜ, ಆದರೆ ಬೆಲೆ ಹೆಚ್ಚು, ಬ್ಯಾಟರಿಯನ್ನು ನೀರು ಕುಡಿದ ಹಾಗೆ ಕುಡಿಯುತ್ತದೆ. ಅವನ ಕೈಗೆಟಕುವುದು ಮೊದಲನೆಯದೇ ಎಂದು ತೀರ್ಪು ಕೊಟ್ಟೆ. ಚಿಕ್ಕಂದಿನಿಂದ ನನ್ನ ತೀರ್ಪಿಗೆ ಎದುರಾಡಿದವನಲ್ಲ, ಹೂಂ ಅಂದ.

ಒಂದು ಶನಿವಾರ ಸಿಡ್ನಿಯಿಂದ ಹೋದೆ. ವೆರಿಬೀಯಿಂದ ಇಬ್ಬರೂ ಟ್ರೇನಿನಲ್ಲಿ ಸಿಟಿಗೆ ಬಂದೆವು. ಹಳೆಯ ಕ್ಯಾಮೆರಾ ಮಾರುವ ಅಂಗಡಿ ಒಂದು ಕಟ್ಟಡದ ಮೇಲಂತಸ್ತಿನಲ್ಲಿತ್ತು. ಮೆಟ್ಟಿಲು ಮಬ್ಬು. ಅವನು ಕೈಹಿಡಿಗೆ ಆತು ಒಂದೊಂದೇ ಹತ್ತಿದ. ನಾನು ಗುರುತು ಮಾಡಿಟ್ಟಿದ್ದ ಡಿಎಸ್‌ಎಲ್‌ಆರ್ ಅಲ್ಲೇ ಇತ್ತು. ಮೈಮೇಲೆ ಗೀರು ಬಿದ್ದಿತ್ತು, ಅದಕ್ಕೇ ಇನ್ನಷ್ಟು ಅಗ್ಗ. ಗೀರನ್ನು ಬೆರಳಲ್ಲಿ ಸವರಿ ತಮ್ಮ, ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಲ್ವೇನಕ್ಕ ಎಂದು ನಕ್ಕ. ನನಗೆ ನಗು ಬರಲಿಲ್ಲ.

ಕಣ್ಣಿಗಿಟ್ಟುಕೊಂಡು ಅಂಗಡಿಯ ಮೂಲೆಯತ್ತ ನೋಡಿದ. ಅಲ್ಲಿ ದೀಪವಿರಲಿಲ್ಲ, ಖಾಲಿ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಕೆಳಗಿಳಿಸಿ, ಕತ್ತಲೆ ಅಂದ. ಕತ್ತಲೆಯಿರುವ ಕಡೆ ನೋಡಿದರೆ ಇನ್ನೇನು ಕಾಣಬೇಕು ಎಂದು ನಾನು ಗೊಣಗುತ್ತಿರುವಾಗಲೇ ಅವನು ಪಕ್ಕದಲ್ಲಿದ್ದ ಒಂದು ಚಿಕ್ಕ ಮಿರರ್‌ಲೆಸ್ ಎತ್ತಿಕೊಂಡ. ಅದೇ ಮೂಲೆಗೆ ತಿರುಗಿಸಿ ಕಣ್ಣಿಟ್ಟ. ಇಟ್ಟವನು ತೆಗೆಯಲೇ ಇಲ್ಲ. ಪೆಟ್ಟಿಗೆಗಳು, ಅವುಗಳ ಹಿಂದಿನ ಗೋಡೆ, ಸೂರು, ಎಲ್ಲದರ ಮೇಲೂ ನಿಧಾನವಾಗಿ ಕ್ಯಾಮೆರಾ ಆಡಿಸಿದ. ಅಂಗಡಿಯವರು ನನಗೆ ವಿವರಿಸಿದರು. ಇದರಲ್ಲಿ ಕಾಣುವುದು ಪರದೆಯ ಮೇಲಿನ ಚಿತ್ರ, ಹೊರಗೆ ಬೆಳಕು ಕಮ್ಮಿಯಿದ್ದರೆ ಕ್ಯಾಮೆರಾನೇ ಬೆಳಕು ಏರಿಸಿ ತೋರಿಸುತ್ತದೆ ಎಂದರು. ನಾನೂ ಅದನ್ನು ಓದಿದ್ದೆ. ಕೆಲವರಿಗೆ ಅದು ಕೃತಕವೆನಿಸುತ್ತದೆ ಎಂದು ದೂರಿನ ಪಟ್ಟಿಯಲ್ಲಿ ಓದಿದ್ದೆ.

ನನ್ನ ಬುದ್ಧಿಗೆ ಆಗಲೂ ಹೊಳೆಯಲಿಲ್ಲ. ಬೆಲೆ ಹೆಚ್ಚು, ಒಂದೇ ಲೆನ್ಸ್, ಬ್ಯಾಟರಿ ನಿಲ್ಲುವುದಿಲ್ಲ ಎಂದು ಕನ್ನಡದಲ್ಲಿ ಒಂದೇ ಸಮ ವಾದಿಸಿದೆ. ಅವನು ಮೊದಲ ಸಲ ನನ್ನ ಮಾತು ಮೀರಿದ. ದುಡ್ಡು ಕೊಟ್ಟು, ಪೆಟ್ಟಿಗೆ ಬೇಡವೆಂದು, ಕ್ಯಾಮೆರಾವನ್ನು ಕೈಯಲ್ಲೇ ಹಿಡಿದು ಕೆಳಗಿಳಿದ.

ಹೊರಗೆ ಬೇಗ ಸಂಜೆಯಾಗಿತ್ತು. ಕಟ್ಟಡದ ಪಕ್ಕದ ಸಂದಿಯಲ್ಲಿ ಕಸದ ಡಬ್ಬಗಳಿದ್ದವು, ದೀಪವಿರಲಿಲ್ಲ. ನನ್ನನ್ನು ಅಲ್ಲಿ ನಿಲ್ಲು ಅಂದ. ನನ್ನ ಬಯ್ಗುಳ ಇನ್ನೂ ಮುಗಿದಿರಲಿಲ್ಲ, ಬಯ್ಯುತ್ತಲೇ ಹೋಗಿ ನಿಂತೆ. ಅವನು ಕ್ಯಾಮೆರಾ ಎತ್ತಿದ.

"ಅಕ್ಕಾ, ಕಾಣ್ತಿದೀಯ," ಅಂದ. ಕಣ್ಣಿನಿಂದ ಇಳಿಸದೆಯೇ, "ಕತ್ಲಲ್ಲಿ ನಿನ್ ಮುಖ ನೋಡ್ತಿರೋದು ಇದೇ ಫಸ್ಟು. ಇಷ್ಟ್ ದಿನ ಬರೀ ಜಡೆ, ಬರೀ ಬೈಗುಳ."

ಯಾವ ಮಾತಿಗೂ ಎದುರುತ್ತರ ಇಟ್ಟುಕೊಂಡೇ ಇರುವವಳು ನಾನು. ಆವತ್ತು ಕಸದ ಡಬ್ಬದ ಪಕ್ಕ ನಿಂತು ಅತ್ತೆ. ಅವನು ಒಂದು ಫೋಟೋ ತೆಗೆದ. ಬಾಯಿ ತೆರೆದ, ಮೂಗು ಒರೆಸಿಕೊಳ್ಳುತ್ತಿರುವ ಅಕ್ಕ. ಅಷ್ಟು ಕೆಟ್ಟ ಫೋಟೋ ನನ್ನದು ಇನ್ನೊಂದಿಲ್ಲ.

ಆಮೇಲೆ ಅವನು ಫೋಟೋ ಕಳಿಸುತ್ತಾನೆಂದು ಕಾದೆ. ಅಪರೂಪಕ್ಕೊಂದು ಬರುತ್ತಿತ್ತು, ಓರೆಯಾಗಿ, ಮಸುಕಾಗಿ. ಇಷ್ಟೇ ಏನೋ ಎಂದು ಕೇಳಿದರೆ ನಗುತ್ತಿದ್ದ. ಇದೊಂದು ವಿಚಿತ್ರ, ಕಾರ್ಡಿನಲ್ಲಿ ಫೋಟೋ ಇರುವುದಿಲ್ಲ, ಬ್ಯಾಟರಿ ಮಾತ್ರ ದಿನಾ ಖಾಲಿ ಎಂದು ಅವನ ಹೆಂಡತಿ ದೂರಿದಳು. ಮುಂದಿನ ಸಲ ಹೋದಾಗ ಕಣ್ಣಾರೆ ಕಂಡೆ. ಸಂಜೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅವನು ಕ್ಯಾಮೆರಾವನ್ನು ಕಣ್ಣಿಗೊತ್ತಿಕೊಂಡಿದ್ದ. ಮಗಳು ಕತ್ತಲ ಅಂಗಳದಲ್ಲಿ ಬಟ್ಟೆ ಕಂಬ ಸುತ್ತುತ್ತಿದ್ದಳು. ಅವಳು ಹೋದ ಕಡೆ ಕ್ಯಾಮೆರಾ ಹೋಗುತ್ತಿತ್ತು. ಕ್ಲಿಕ್ ಎಂಬ ಸದ್ದೇ ಇಲ್ಲ. ಪಪ್ಪ ಫೋಟೋ ಯಾಕೆ ತೆಗೀತಿಲ್ಲ ಪುಟ್ಟಿ ಎಂದು ನಾನು ಕನ್ನಡದಲ್ಲಿ ಕೇಳಿದೆ. "ಹೀ ಈಸ್ ಜಸ್ಟ್ ಲುಕಿಂಗ್ ಅಟ್ ಮೀ," ಎಂದು ಹೇಳಿ ಮಗು ಮತ್ತೆ ಓಡಿತು.

ನನ್ನೊಳಗೆ ಕೂತಿದ್ದ ಪ್ರಶ್ನೆಗೆ ಆವತ್ತು ಉತ್ತರ ಸಿಕ್ಕಿತು. ಅವನಿಗೆ ಫೋಟೋ ಬೇಕಾಗಿಯೇ ಇರಲಿಲ್ಲ. ಸಿಡ್ನಿಗೆ ವಾಪಸ್ಸು ಬಂದವಳೇ ಎರಡು ಬ್ಯಾಟರಿ ಕೊಂಡು ಕಳಿಸಿದೆ.

ಆ ಬ್ಯಾಟರಿಗಳು ಹಳೆಯವಾಗುವಷ್ಟೂ ಕಾಲ ಸಿಗಲಿಲ್ಲ. ನಿಧಾನವಾಗಿ ಹೋಗಬಹುದೆಂದು ನಾವು ಆಸೆಪಟ್ಟಿದ್ದ ಕಣ್ಣು ಅವಸರದಲ್ಲಿ ಹೋಯಿತು. ಮೊದಲು ಅವನು ಕ್ಯಾಮೆರಾವನ್ನು ಹೆಚ್ಚು ಹೆಚ್ಚು ಆಡಿಸಿ ಮಗಳನ್ನು ಹುಡುಕತೊಡಗಿದ. ಆಮೇಲೆ ಅವಳೇ ಹತ್ತಿರ ಬಂದು, ಎದುರಿಗೆ ನಿಂತು, ನಾನಿಲ್ಲಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಇದನ್ನೆಲ್ಲ ನನಗೆ ಅವನ ಹೆಂಡತಿ ಫೋನಿನಲ್ಲಿ ಹೇಳುತ್ತಿದ್ದಳು. ಅವನು ಹೇಳುತ್ತಿರಲಿಲ್ಲ.

ಹೋದ ಚಳಿಗಾಲದಲ್ಲಿ ಅವನ ಜೊತೆ ಆಸ್ಪತ್ರೆಗೆ ಹೋಗಲು ನಾನೇ ಹೋಗಿದ್ದೆ. ಡಾಕ್ಟರು ಹೊಸದೇನೂ ಹೇಳಲಿಲ್ಲ. ವಾಪಸ್ಸು ಬರುವಾಗ ಟ್ರೇನಿನಲ್ಲಿ ಬ್ಯಾಗಿನಿಂದ ಕ್ಯಾಮೆರಾ ತೆಗೆದು ನನ್ನ ತೊಡೆಯ ಮೇಲಿಟ್ಟ. ನೀನು ತೆಗೆದುಕೊಂಡು ಹೋಗು ಅಂದ. ಮಗಳಿಗೆ ಇರಲಿ, ದೊಡ್ಡವಳಾದ ಮೇಲೆ ಉಪಯೋಗಿಸುತ್ತಾಳೆ ಅಂದೆ. ಬೇಡ ಎಂದು ತಲೆಯಾಡಿಸಿದ.

"ನಂಗೀಗ ಅದ್ರಲ್ಲೂ ಕತ್ಲೇನೇ ಅಕ್ಕ. ಮನೇಲಿದ್ರೆ ಕೈ ಅದ್ರ ಕಡೆನೇ ಹೋಗುತ್ತೆ."

ವೆರಿಬೀ ಸ್ಟೇಷನ್ನಿನಲ್ಲಿ ಇಳಿದಾಗ ಬೆಳಕು ಹೋಗಿತ್ತು. ಕ್ಯಾಮೆರಾದ ಪಟ್ಟಿಯನ್ನು ಹೆಗಲಿಂದ ಬೆನ್ನಿಗೆ ಅಡ್ಡವಾಗಿ ಹಾಕಿಕೊಂಡೆ. ಆಸ್ಪತ್ರೆಯವರು ಕೊಟ್ಟ ಬಿಳಿ ಕೋಲು ಮಡಚಿಕೊಂಡು ಅವನ ಬ್ಯಾಗಿನಲ್ಲೇ ಇತ್ತು. ತೆಗೆಯುತ್ತಾನೆಂದು ನಿಂತೆ. ಅವನು ತೆಗೆಯಲಿಲ್ಲ. ನನ್ನ ಹಿಂದೆ ಬಂದು ಬೆನ್ನ ಮೇಲೆ ಕೈಯಾಡಿಸಿದ. ಇಪ್ಪತ್ತರ ಹರೆಯದಲ್ಲೇ ನಾನು ಕೂದಲು ಕತ್ತರಿಸಿಕೊಂಡವಳು, ಅಲ್ಲಿ ಏನೂ ಇರಲಿಲ್ಲ. ಆ ಕೈಗೆ ಪಟ್ಟಿ ಸಿಕ್ಕಿತು. ಬೆರಳಿಗೆ ಒಂದು ಸುತ್ತು ಸುತ್ತಿ ಹಿಡಿದುಕೊಂಡ.

"ಬೈಯಲ್ವಾ?" ಎಂದು ಕೇಳಿದ.

ನಾನು ನಡೆಯತೊಡಗಿದೆ. ಅವನು ಹಿಂದೆ ಬಂದ. ಮನೆಯ ಬಾಗಿಲು ಬರುವವರೆಗೂ ನಾನು ಒಂದು ಸಲವೂ ತಿರುಗಲಿಲ್ಲ, ಅಳುತ್ತಿರುವುದನ್ನು ತಮ್ಮ ನೋಡಿಬಿಡುತ್ತಾನೆಂದು ಹೆದರಿ.